ಇಪ್ಪತ್ತು ನಿಮಿಷಕ್ಕೆ ನಿಲ್ಲುವ ಯಂತ್ರ

ಸೌತ್‌ಹಾಲ್‌ಗೆ ನಾನು ಹೋಗಿದ್ದು ಮೆಂತ್ಯ ಸೊಪ್ಪು ತರಲು. ಬರುವಾಗ ಒಂದು ಕೆಲಸ ಹಿಡಿದುಕೊಂಡು ಬಂದೆ, ಮೆಂತ್ಯ ಮರೆತು ಬಂದೆ. ನನ್ನ ಗಂಡ ಇದನ್ನು ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ. ಅವರಿಗೆ ಮೆಂತ್ಯ ಪಲ್ಯವೆಂದರೆ ಪ್ರಾಣ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮದುವೆಯಾಗಿ ಹುಬ್ಬಳ್ಳಿಯಿಂದ ಲಂಡನ್ನಿಗೆ ಬಂದು ಎರಡು ವರ್ಷವಾಗಿತ್ತು. ಗಂಡ ಬೆಳಗ್ಗೆ ಏಳಕ್ಕೆ ಕ್ಯಾನರಿ ವಾರ್ಫ್‌ನ ಬ್ಯಾಂಕೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳಲು ಹೊರಟರೆ ಬರುತ್ತಿದ್ದುದು ಸಂಜೆ ಏಳಕ್ಕೆ. ನಡುವಿನ ಹನ್ನೆರಡು ತಾಸು ನಾನು ಫ್ಲ್ಯಾಟಿನ ಗೋಡೆ ನೋಡುತ್ತಿದ್ದೆ, ಗೋಡೆ ನನ್ನನ್ನು ನೋಡುತ್ತಿತ್ತು. ಅಳಲಿಕ್ಕೆ ಕಾರಣವಿಲ್ಲ, ನಗಲಿಕ್ಕೆ ಜೊತೆಯಿಲ್ಲ. ಸಿಟ್ಟು ಮಾತ್ರ ಧಾರಾಳವಾಗಿತ್ತು.

ಅವತ್ತು ತರಕಾರಿ ಅಂಗಡಿಯ ಹಿಂದಿನ ಓಣಿಯಿಂದ ಒಂದು ಸದ್ದು ಕೇಳಿಸಿತು. ಯಾರೋ ಹಗ್ಗ ಎಳೆದು ಎಂಜಿನ್ ಚಾಲೂ ಮಾಡಲು ನೋಡುತ್ತಿದ್ದರು. ಒಂದು ಎಳೆತ, ಒಂದು ನಿಟ್ಟುಸಿರು. ಮತ್ತೊಂದು ಎಳೆತ, ಒಂದು ಬೈಗುಳ. ಹನ್ನೆರಡನೆಯ ಎಳೆತಕ್ಕೆ ನನ್ನ ಕಾಲುಗಳು ತಾವಾಗಿಯೇ ಅತ್ತ ತಿರುಗಿದವು. ನಮ್ಮಪ್ಪನದು ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್, ಸ್ಕೂಟರ್ ರಿಪೇರಿ ಅಂಗಡಿ. ತೊಟ್ಟಿಲಲ್ಲಿ ನಾನು ಜೋಗುಳಕ್ಕಿಂತ ಎಂಜಿನ್ ಸದ್ದನ್ನೇ ಹೆಚ್ಚು ಕೇಳಿದವಳು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಅಪ್ಪನ ಪಕ್ಕ ಕೂತು ಪಾನಾ ಕೊಟ್ಟೆ, ನಟ್ಟು ಬಿಚ್ಚಿದೆ, ಕಾರ್ಬ್ಯುರೇಟರ್ ತೊಳೆದೆ. ಆಮೇಲೆ ಒಂದು ದಿನ ಅಪ್ಪ, "ಸಾಕಿನ್ನ. ದೊಡ್ಡಾಕಿ ಆದಿ, ಒಳಗ ನಡಿ," ಎಂದರು. ನಡೆದೆ. ಆ ಸಿಟ್ಟೂ ನನ್ನೊಂದಿಗೆ ವಿಮಾನ ಹತ್ತಿ ಬಂದಿತ್ತು.

ಓಣಿಯ ಕೊನೆಯಲ್ಲಿ ಹುಲ್ಲು ಕತ್ತರಿಸುವ ಮೋವರ್‌ಗಳ ರಿಪೇರಿ ಅಂಗಡಿ. ಎಪ್ಪತ್ತರ ಆಸುಪಾಸಿನ ಇಂಗ್ಲಿಷ್ ಮುದುಕರೊಬ್ಬರು ಒಂದು ಮೋವರಿನ ಹಗ್ಗ ಬಿಟ್ಟು ತಮ್ಮ ಬಲಭುಜ ಹಿಡಿದುಕೊಂಡು ನಿಂತಿದ್ದರು. ಮನಸ್ಸಿನಲ್ಲೇ ಅವರಿಗೆ ಅಜ್ಜ ಎಂದು ಹೆಸರಿಟ್ಟೆ. ಆ ಹೆಸರೇ ಉಳಿಯಿತು.

"ಅದಕ್ಕೆ ಸ್ಪಾರ್ಕ್ ಬರುತ್ತಿಲ್ಲ," ಎಂದೆ, ಖಾಲಿ ಚೀಲ ಹಿಡಿದು ಬಾಗಿಲಲ್ಲಿ ನಿಂತು.

"ನಿನಗೆ ಹೇಗೆ ಗೊತ್ತು, ಲವ್?"

ಇಲ್ಲಿ ಬಸ್ ಡ್ರೈವರಿನಿಂದ ಹಿಡಿದು ಆಲೂಗಡ್ಡೆ ಮಾರುವವರ ತನಕ ಎಲ್ಲರೂ ಎಲ್ಲರನ್ನೂ ಲವ್ ಎನ್ನುತ್ತಾರೆ, ಅದರಲ್ಲಿ ಏನೂ ಇಲ್ಲ. ಗಂಡನಿಗೆ ಇದನ್ನು ತಿಳಿಸಿ ಹೇಳಲು ನನಗೆ ಒಂದು ವಾರ ಹಿಡಿಯಿತು.

"ಕಿಡಿ ಇದ್ದ ಎಂಜಿನ್ ಒಂದು ಸಲವಾದರೂ ಕೆಮ್ಮುತ್ತದೆ. ಇದು ಕೆಮ್ಮುತ್ತಿಲ್ಲ," ಎಂದೆ.

ಅಜ್ಜ ಪಕ್ಕಕ್ಕೆ ಸರಿದರು. ಎಂಜಿನ್ ಆರಿಸುವ ಸ್ವಿಚ್ಚಿಗೆ ಒಂದು ಸಣ್ಣ ತಂತಿ ಹೋಗಿರುತ್ತದೆ. ಆ ತಂತಿ ಕಬ್ಬಿಣಕ್ಕೆ ತಾಗಿದರೆ ಕಿಡಿ ಸಾಯುತ್ತದೆ. ಅದರ ಮೇಲಿನ ಪ್ಲಾಸ್ಟಿಕ್ ಸವೆದು ಹೋಗಿ ಅದು ಸದಾಕಾಲ ಕಬ್ಬಿಣಕ್ಕೆ ತಾಗಿಯೇ ಇತ್ತು. ತಂತಿ ಕಿತ್ತು, ಹಗ್ಗ ಎಳೆದೆ. ಮೊದಲ ಎಳೆತಕ್ಕೇ ಎಂಜಿನ್ ಗುಡುಗಿತು. ಎದುರಿನ ಸೀರೆ ಅಂಗಡಿಯಾಕೆ ಹೊರಗೆ ಬಂದು, ತನ್ನ ಸೀರೆಗಳಿಗೆಲ್ಲ ಹೊಗೆ ಹಿಡಿಯುತ್ತದೆಂದು ಕೂಗಾಡಿದಳು. ನನಗೆ ಎರಡು ವರ್ಷಗಳಲ್ಲಿ ಅಷ್ಟು ಸಂತೋಷ ಆಗಿರಲಿಲ್ಲ.

ಅಜ್ಜನಿಗೆ ಹಗ್ಗ ಎಳೆಯಲು ಒಂದು ಗಟ್ಟಿ ಭುಜ ಬೇಕಾಗಿತ್ತು. ನಾಲ್ಕು ವಾರ ನೋಡೋಣ ಎಂದರು. ಒಂದೇ ಕರಾರು: ರಿಪೇರಿಯಾಗಿ ಹೋದ ಯಂತ್ರ ವಾಪಸ್ಸು ಬರಬಾರದು. ಒಂದು ಸಲ ಬಂದರೆ ಸರಿ, ಎರಡು ಸಲ ಬಂದರೆ ಸಹಿಸಿಕೊಳ್ಳುತ್ತೇನೆ, ಅದೇ ಯಂತ್ರ ಮೂರನೆಯ ಸಲ ಬಂದರೆ ನಿನಗೆ ನಮಸ್ಕಾರ ಎಂದರು. ನಾನು ತಲೆಯಾಡಿಸಿದೆ. ಆ ಕೆಲಸ ನನಗೆ ಎಷ್ಟು ಬೇಕಾಗಿತ್ತೆಂದರೆ, ಅವರು ದಿನಾ ಒಂಟಿಕಾಲಲ್ಲಿ ನಿಲ್ಲು ಎಂದಿದ್ದರೂ ನಿಲ್ಲುತ್ತಿದ್ದೆ. ಮತ್ತೆ ಆ ಗೋಡೆಯ ಮುಂದೆ ಹೋಗಿ ಕೂಡುವುದು ನನ್ನಿಂದ ಆಗುತ್ತಿರಲಿಲ್ಲ.

ಗಂಡ ಮೊದಲು ಹೌಹಾರಿದರು, ಆಮೇಲೆ ಸುಮ್ಮನಾದರು, ಆಮೇಲೆ ಹೆಮ್ಮೆಪಟ್ಟುಕೊಳ್ಳಲು ಒಂದು ದಾರಿ ಹುಡುಕಿದರು. ಕನ್ನಡದವರೆಲ್ಲ ಸೇರಿದ್ದ ಒಂದು ಊಟದಲ್ಲಿ, "ನಮ್ಮ ಮನಿಯವರು ಎಂಜಿನಿಯರಿಂಗ್ ಲೈನ್‌ನಾಗ ಅದಾರ್ರಿ," ಎಂದು ಸಾರಿದರು. ಕುಂದಾಪುರದ ಕಡೆಯ ಹೆಂಗಸೊಬ್ಬರು, "ಹೌದಾ? ಎಂತ ಎಂಜಿನಿಯರಿಂಗ್?" ಎಂದು ಕೇಳಿದರು. ಗಂಡ ಹೋಳಿಗೆಯನ್ನು ಬಾಯಿಗೆ ತುರುಕಿಕೊಂಡು, "ಗ್ರೀನ್ ಸೆಕ್ಟರ್" ಎಂದರು.

ಮೊದಲ ವಾರದಲ್ಲೇ ಅಜ್ಜನ ಜೀವ ಹಾರಿಸಿದೆ. ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್ ಚೆನ್ನಾಗಿದೆಯೋ ಇಲ್ಲವೋ ನೋಡಲು ನಮ್ಮಪ್ಪನದು ಒಂದೇ ಪರೀಕ್ಷೆ. ಪ್ಲಗ್ಗಿನ ತಂತಿಯ ತುದಿಯನ್ನು ಕೈಯಲ್ಲಿ ಹಿಡಿಯುವುದು, ಇನ್ನೊಬ್ಬರು ಎಂಜಿನ್ ತಿರುಗಿಸುವುದು. ಹಿಡಿದವರು ಎಗರಿ ಬಿದ್ದರೆ ಕಾಯಿಲ್ ಚಲೋ ಇದೆ. ಎಗರದಿದ್ದರೆ ಕಾಯಿಲ್ ಹೋಗಿದೆ. ಎಷ್ಟು ದೂರ ಎಗರಿದರು ಎನ್ನುವುದರ ಮೇಲೆ ಅದರ ಆಯುಷ್ಯವನ್ನೂ ಅಪ್ಪ ಹೇಳುತ್ತಿದ್ದರು. ನಾನೂ ಹಾಗೇ ತಂತಿ ಹಿಡಿದು, ಎಡಗೈಯಲ್ಲಿ ಎಳೆಯಿರಿ ಎಂದು ಅಜ್ಜನಿಗೆ ಹೇಳಿದೆ. ಅವರು ಏನೂ ತಿಳಿಯದೆ ಎಳೆದರು. ನಾನು "ಯವ್ವಾ!" ಎಂದು ಎರಡು ಅಡಿ ಹಿಂದಕ್ಕೆ ಹಾರಿ, ಗೋಡೆಗೆ ತಗುಲಿ, ನಗುತ್ತ, "ಕಾಯಿಲ್ ಚೆನ್ನಾಗಿದೆ," ಎಂದೆ. ಅಜ್ಜ ಸ್ಟೂಲಿನ ಮೇಲೆ ಕುಸಿದು ಕೂತರು. ಅವರಿಗೆ ನಾನೇ ನೀರು ಕೊಡಬೇಕಾಯಿತು. ಮರುದಿನ ನನ್ನ ಕೈಗೆ ಒಂದು ಪುಟ್ಟ ದೀಪದ ಟೆಸ್ಟರ್ ಇಟ್ಟು, ತಂತಿಗೂ ಪ್ಲಗ್ಗಿಗೂ ನಡುವೆ ಇದನ್ನು ಸಿಕ್ಕಿಸು, ಕಿಡಿ ಬಂದರೆ ಮಿನುಗುತ್ತದೆ, ದಯವಿಟ್ಟು ನೀನು ಮಿನುಗಬೇಡ ಎಂದರು.

ನಾನು ಹಾಗೆ ಎಗರಿ ಪರೀಕ್ಷೆ ಮಾಡಿದ ಮೋವರ್ ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರದು. ಎತ್ತರದ ಹೆಂಗಸು, ಕನ್ನಡಕದ ಮೇಲಿನಿಂದ ನೋಡುವ ನೋಟ. ಆ ನೋಟಕ್ಕೆ ಅಜ್ಜ ಕೂಡ ಕೈ ಕಟ್ಟಿ ನಿಲ್ಲುತ್ತಿದ್ದರು. ಯಂತ್ರದ ಕಾಯಿಲೆ ಇಷ್ಟು: ಚಾಲೂ ಆಗುತ್ತದೆ, ಇಪ್ಪತ್ತು ನಿಮಿಷ ಹುಲ್ಲು ಕತ್ತರಿಸುತ್ತದೆ, ನಿಂತುಬಿಡುತ್ತದೆ. ಆಮೇಲೆ ಎಷ್ಟು ಎಳೆದರೂ ಇಲ್ಲ. ಅಂಗಡಿಗೆ ತಂದರೆ ಮಾತ್ರ ಸಾಧು ಪ್ರಾಣಿ, ಒಂದೇ ಎಳೆತಕ್ಕೆ ಗುರ್ ಎನ್ನುತ್ತದೆ. ಡಾಕ್ಟರರ ಮುಂದೆ ಕೂತೊಡನೆ ಜ್ವರ ಇಳಿಯುವ ನನ್ನ ಗಂಡನ ಹಾಗೆ.

ಕಾಯಿಲ್ ಚೆನ್ನಾಗಿದೆ ಎಂದು ನಾನೇ ಹಾರಿ ಹೇಳಿಯಾಗಿತ್ತಲ್ಲ, ಆದ್ದರಿಂದ ದೋಷ ಪೆಟ್ರೋಲ್ ಹೋಗುವ ದಾರಿಯಲ್ಲಿದೆ ಎಂದು ಕಾರ್ಬ್ಯುರೇಟರ್ ಬಿಚ್ಚಿ ತೊಳೆದು ಕಳಿಸಿದೆ. ನಾಲ್ಕೇ ದಿನಕ್ಕೆ ಟೀಚರಮ್ಮ ವಾಪಸ್ಸು ಬಂದರು. ಪ್ಲಗ್ ಬದಲಿಸಿ, ಪೆಟ್ರೋಲ್ ಮುಚ್ಚಳದ ತೂತು ಕಟ್ಟಿರಬಹುದೆಂದು ಅದನ್ನೂ ಚುಚ್ಚಿ ಸ್ವಚ್ಛ ಮಾಡಿ ಕಳಿಸಿದೆ. ಮುಂದಿನ ವಾರ ಮತ್ತೆ ಬಂದರು. ಅಜ್ಜ ನನ್ನ ಕಡೆ ಎರಡು ಬೆರಳು ತೋರಿಸಿದರು. ಎರಡು ಸಲ ಆಯಿತು ಎಂದರ್ಥ. ಇನ್ನೊಂದು ಸಲ ಬಂದರೆ ನನಗೆ ಮತ್ತೆ ಆ ಗೋಡೆಯೇ ಗತಿ.

"ಆಕೆ ಎಳೆಯುವುದೇ ಸರಿಯಿಲ್ಲ ಅನಿಸುತ್ತದೆ," ಎಂದೆ, ಟೀಚರಮ್ಮ ಹೋದ ಮೇಲೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೋ, ಪಕ್ಕದಲ್ಲಿ ನೋಡುತ್ತಿದ್ದವಳ ಕಾಲೂ ಡೊಂಕು ಎನ್ನುತ್ತಿದ್ದೆ.

ಬಸ್ಸಿನಲ್ಲಿ ಮನೆಗೆ ಬರುವಾಗ ಆಕೆ ಹೇಳಿದ ಒಂದು ಮಾತು ಮತ್ತೆ ಮತ್ತೆ ನೆನಪಾಯಿತು. ಯಂತ್ರ ನಿಂತಾಗ ಆಕೆ ಒಳಗೆ ಹೋಗಿ ಚಹಾ ಮಾಡಿಕೊಂಡು ಕುಡಿದು ಬರುತ್ತಾರಂತೆ. ಬಂದು ಎಳೆದರೆ ಚಾಲೂ. "ನಾನು ಚಹಾ ಕುಡಿಯಲಿ ಎಂದೇ ಅದು ನಿಲ್ಲುತ್ತದೆ ಅನಿಸುತ್ತದೆ," ಎಂದಿದ್ದರು, ಒಂಚೂರೂ ನಗದೆ. ಟೀಚರಮ್ಮ ಚಹಾ ಕುಡಿಯುವ ಅರ್ಧ ತಾಸಿನಲ್ಲಿ ಯಂತ್ರ ಏನು ಮಾಡುತ್ತಿರುತ್ತದೆ? ಆರುತ್ತಿರುತ್ತದೆ! ನಾನು ಸೀಟಿನಿಂದ ಎದ್ದು ನಿಂತೆ. ಪಕ್ಕದವರು ನನ್ನ ಸ್ಟಾಪ್ ಬಂತೆಂದು ದಾರಿ ಬಿಟ್ಟರು. ಕಾಯಿಲ್ ತಣ್ಣಗಿದ್ದಾಗ ಗಟ್ಟಿ, ಬಿಸಿಯಾದಾಗ ಸಾಯುತ್ತದೆ. ಅದರ ಹೊಟ್ಟೆಯೊಳಗೆ ಕೂದಲೆಳೆಯಂಥ ತಾಮ್ರದ ತಂತಿ ಸಾವಿರಾರು ಸುತ್ತು ಸುತ್ತಿರುತ್ತದೆ. ಎಲ್ಲೋ ಒಂದು ಕಡೆ ಅದು ಬಿರುಕು ಬಿಟ್ಟಿದ್ದರೆ, ತಣ್ಣಗಿರುವಾಗ ಎರಡು ತುದಿ ಮುಟ್ಟಿಕೊಂಡಿರುತ್ತವೆ, ಕಾದಾಗ ದೂರವಾಗುತ್ತವೆ. ನಮ್ಮಪ್ಪನ ಪರೀಕ್ಷೆಯನ್ನು ನಾನು ಮಾಡಿದ್ದು ತಣ್ಣಗಿನ ಕಾಯಿಲ್ ಮೇಲೆ. ಸುಮ್ಮನೆ ಎಗರಿದ್ದಾಯಿತು.

ಗೊತ್ತಾದರೆ ಸಾಲದು, ತೋರಿಸಬೇಕಿತ್ತು. ಓಣಿಯಲ್ಲಿ ಎರಡು ನಿಮಿಷಕ್ಕಿಂತ ಹೆಚ್ಚು ಎಂಜಿನ್ ಓಡಿಸಲು ಸೀರೆ ಅಂಗಡಿಯಾಕೆ ಬಿಡುತ್ತಿರಲಿಲ್ಲ. ಹಾಗಾಗಿ ಮರುದಿನ ಅಜ್ಜನನ್ನು ಕೇಳಿ, ಕಾಯಿಲ್ ಬಿಚ್ಚಿ, ತಂತಿ ಎಲ್ಲಾದರೂ ತುಂಡಾಗಿದೆಯೇ ಎಂದು ತೋರಿಸುವ ಅಂಗಡಿಯ ಮಲ್ಟಿಮೀಟರಿನೊಂದಿಗೆ ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದೆ. ಜೋಳದ ರೊಟ್ಟಿ ಬೇಯಿಸುವ ಹಂಚನ್ನು ಒಲೆಗಿಟ್ಟು, ಸಣ್ಣ ಉರಿ ಮಾಡಿ, ಮೇಲೆ ಕಾಯಿಲ್ ಇಟ್ಟೆ. ಒಂದು ಕಡೆ ಬಿಸಿಯಾದಂತೆ ಇಕ್ಕಳದಿಂದ ಮಗುಚಿ ಹಾಕಿದೆ. ಮನೆಯೆಲ್ಲ ಸುಟ್ಟ ರಬ್ಬರಿನ ವಾಸನೆ. ಅಷ್ಟರಲ್ಲಿ ಗಂಡ ಕೆಲಸದಿಂದ ಬಂದು, ಟೈ ಸಡಿಲಿಸುತ್ತ ಒಲೆಯ ಹತ್ತಿರ ನಿಂತರು.

"ಏನಿದು? ಹೊಸಾ ನಮೂನಿ ಬದನಿಕಾಯಿ ಎಣಗಾಯೇನು?"

"ಮುಟ್ಟಬ್ಯಾಡ್ರಿ. ಅದು ಕಾಯಿಲ್."

"ಕಾಯಿಲ್ ಅಂದ್ರ?"

"ಹುಲ್ಲು ಕೊಯ್ಯೂ ಮಷೀನಿಂದು. ಬಿಸಿ ಆದ್ರ ಸಾಯ್ತೈತೋ ಏನ ಅಂತ ನೋಡಾಕತ್ತೇನಿ."

ಅವರು ಹಂಚನ್ನೂ ನನ್ನನ್ನೂ ನೋಡಿದರು. "ರೊಟ್ಟಿ ಯಾವಾಗ?" ಎಂದು ಕೇಳಿದರು.

"ಇದು ಸತ್ತ ಮ್ಯಾಲ."

ಮಲ್ಟಿಮೀಟರಿನ ಒಂದು ಮುಳ್ಳನ್ನು ತಂತಿಯ ತುದಿಗೆ, ಇನ್ನೊಂದನ್ನು ಕಾಯಿಲಿನ ಕಬ್ಬಿಣಕ್ಕೆ ಹಿಡಿಯಲು ಅವರಿಗೇ ಕೊಟ್ಟೆ. ತಣ್ಣಗಿದ್ದಾಗ ಮೀಟರು ಒಂದು ಅಂಕಿ ತೋರಿಸಿತ್ತು. ಕಾವು ಏರಿದಂತೆ ಅಂಕಿ ಅತ್ತಿತ್ತ ಕುಣಿಯಿತು, ಆಮೇಲೆ ತಟ್ಟನೆ ಮಾಯವಾಯಿತು. ತಂತಿ ತುಂಡಾಗಿದೆ ಎಂದರ್ಥ. ಹಂಚಿನಿಂದ ಇಳಿಸಿ ಆರಲು ಬಿಟ್ಟೆವು. ಅಂಕಿ ಮೆಲ್ಲಗೆ ಹಿಂತಿರುಗಿ ಬಂತು. ನಾನು ಅಡಿಗೆಮನೆಯಲ್ಲಿ ಕುಣಿದೆ. ಗಂಡನೂ ಕುಣಿದರು, ರೊಟ್ಟಿ ಸಿಗುತ್ತದೆಂದು.

ಹೊಸ ಕಾಯಿಲ್ ಗುರುವಾರ ಬಂತು. ನನ್ನ ನಾಲ್ಕು ವಾರ ಮುಗಿಯುವುದು ಶನಿವಾರ, ಟೀಚರಮ್ಮ ಬರುವುದೂ ಶನಿವಾರವೇ. ಕಾಯಿಲ್ ಕೂರಿಸುವುದು ಸುಲಭದ ಕೆಲಸ, ಎರಡೇ ಬೋಲ್ಟು. ಆದರೆ ಕಾಯಿಲಿಗೂ ಅದರ ಪಕ್ಕದಲ್ಲಿ ತಿರುಗುವ ಚಕ್ರದ ಅಯಸ್ಕಾಂತಕ್ಕೂ ನಡುವೆ ಒಂದು ತೆಳು ಸಂದು ಬಿಡಬೇಕು. ಆ ಸಂದು ಹೆಚ್ಚಾದರೆ ಕಿಡಿ ಬರುವುದಿಲ್ಲ, ಕಡಿಮೆಯಾದರೆ ಚಕ್ರ ಉಜ್ಜುತ್ತದೆ. "ಕಾರ್ಡಿನಷ್ಟು ಗಾಳಿ ಇರಬೇಕು" ಎನ್ನುವುದು ಅಪ್ಪನ ಸೂತ್ರ. ಅವರು ಹಳದಿ ಅಂಚೆ ಕಾರ್ಡನ್ನು ನಡುವೆ ಇಟ್ಟು, ಬೋಲ್ಟು ಬಿಗಿದು, ಕಾರ್ಡು ಎಳೆದುಬಿಡುತ್ತಿದ್ದರು. ಅಜ್ಜನ ಹತ್ತಿರ ಅದಕ್ಕೆಂದೇ ಲೋಹದ ಪಟ್ಟಿಗಳಿದ್ದವು. ನಾನು ಅವನ್ನು ಮುಟ್ಟಲಿಲ್ಲ. ಕಾಯಿಲ್ ಪತ್ತೆ ಹಚ್ಚಿದ ಮದದಲ್ಲಿದ್ದೆ, ನಮ್ಮ ಹುಬ್ಬಳ್ಳಿಯ ಪದ್ಧತಿ ಇವರೂ ನೋಡಲಿ ಎನಿಸಿತ್ತು. ಊರಿನ ಕಾರ್ಡು ಎಂದು ನನ್ನ ಚೀಲದಲ್ಲಿ ಇದ್ದುದು ಒಂದೇ: ಹಿಂದಿನ ದಿನ ಅಂಚೆಯಲ್ಲಿ ಬಂದಿದ್ದ ನಾದಿನಿಯ ಲಗ್ನಪತ್ರಿಕೆ. ಒಂದು ತುಂಡು ಕತ್ತರಿಸಿ ನಡುವೆ ಇಟ್ಟು ಬೋಲ್ಟು ಬಿಗಿದೆ.

ಹಗ್ಗ ಎಳೆದೆ. ಇಲ್ಲ. ಹತ್ತು ಸಲ ಎಳೆದೆ. ಕೆಮ್ಮು ಕೂಡ ಇಲ್ಲ. ಟೆಸ್ಟರಿನ ದೀಪ ಮಿನುಗಲಿಲ್ಲ. ಸ್ವಿಚ್ಚಿನ ತಂತಿ ಕಿತ್ತು ನೋಡಿದೆ, ಆಗಲೂ ಇಲ್ಲ. ಅಂದಮೇಲೆ ಇನ್ನೇನು?

"ಹೊಸ ಕಾಯಿಲೇ ಸತ್ತಿದೆ," ಎಂದು ತೀರ್ಪು ಕೊಟ್ಟೆ.

ಅಜ್ಜನ ಕಿವಿ ಕೆಂಪಗಾಯಿತು. ಅವರು ಫೋನ್ ಎತ್ತಿ, ಕಾಯಿಲ್ ಕಳಿಸಿದವರನ್ನು ಹಿಡಿದು ಬೈಯಲು ಶುರುಮಾಡಿದರು. ಸತ್ತ ಮಾಲು ಕಳಿಸುತ್ತೀರಾ, ಮೂವತ್ತು ವರ್ಷದ ಗಿರಾಕಿ ನಾನು, ನಾಚಿಕೆಯಾಗುವುದಿಲ್ಲವೇ. ಅವರು ಅಷ್ಟು ಚಂದ ಬೈಯಬಲ್ಲರೆಂದು ನನಗೆ ಗೊತ್ತಿರಲಿಲ್ಲ. ನಾನು ಟೇಬಲ್ ಸ್ವಚ್ಛ ಮಾಡುತ್ತ, ಲಗ್ನಪತ್ರಿಕೆಯ ತುಂಡನ್ನು ಎತ್ತಿಕೊಂಡೆ. ಬೆರಳಿಗೆ ಏನೋ ಉಬ್ಬಾಗಿ ತಗುಲಿತು. ಬಂಗಾರದ ಬಣ್ಣದ ಗಣಪತಿ. ನಮ್ಮವರು ಲಗ್ನಪತ್ರಿಕೆಯನ್ನು ಹಲಗೆಯಷ್ಟು ದಪ್ಪ ಮಾಡಿಸುತ್ತಾರೆ, ಅದರ ಮೇಲೆ ಗಣಪತಿಯನ್ನು ಉಬ್ಬಿಸುತ್ತಾರೆ. ಅಪ್ಪನ ಅಂಚೆ ಕಾರ್ಡಿನಂಥವು ಮೂರು ಸೇರಿದರೂ ಇದರ ದಪ್ಪ ಬರುತ್ತಿರಲಿಲ್ಲ. ನಾನು ಸಂದು ಬಿಟ್ಟಿದ್ದು ಸರಿಯಾಗಿ ಗಣಪತಿಯ ಹೊಟ್ಟೆಯ ಲೆಕ್ಕಕ್ಕೆ.

ಇಂಗು ತಿಂದ ಮಂಗನ ಹಾಗೆ ನಿಂತೆ. ಅಜ್ಜ ಇನ್ನೂ ಬೈಯುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಇನ್ನೊಂದು ಕಾಯಿಲ್ ಬರುತ್ತಿತ್ತು, ಅದನ್ನು ಲೋಹದ ಪಟ್ಟಿ ಇಟ್ಟು ಸರಿಯಾಗಿ ಕೂರಿಸುತ್ತಿದ್ದೆ, ತಪ್ಪು ಕಳಿಸಿದವರದೆಂದೇ ಉಳಿಯುತ್ತಿತ್ತು, ನನ್ನ ಕೆಲಸವೂ ಉಳಿಯುತ್ತಿತ್ತು. ಎಷ್ಟು ಹೊತ್ತು ಹಾಗೆ ಯೋಚಿಸಿದೆನೋ ಹೇಳಲು ನಾಚಿಕೆ. ಫೋನಿನ ಆ ತುದಿಯಲ್ಲಿ ಯಾರೋ ಪಾಪದ ಮನುಷ್ಯ ಸಾರಿ, ಸಾರಿ ಎನ್ನುತ್ತಿರುವುದು ನನಗೂ ಕೇಳಿಸುತ್ತಿತ್ತು.

"ನಿಲ್ಲಿಸಿ," ಎಂದೆ. "ಕಾಯಿಲ್ ಚೆನ್ನಾಗಿದೆ. ನಾನು ಕೂರಿಸಿದ್ದು ತಪ್ಪು."

ಅಜ್ಜ ಫೋನಿಗೆ ಏನೋ ಗೊಣಗಿ ಕೆಳಗಿಟ್ಟರು. ನಾನು ಪತ್ರಿಕೆಯ ತುಂಡನ್ನು ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಅದನ್ನು ಹಿಂದೆ ಮುಂದೆ ನೋಡಿದರು, ಹೆಬ್ಬೆರಳಿನಿಂದ ಸವರಿದರು.

"ಯಾರಿದು?"

"ನಮ್ಮ ದೇವರು. ಅಡ್ಡಿಗಳನ್ನೆಲ್ಲ ತೆಗೆದುಹಾಕುವವನು."

"ಇವತ್ತು ರಜೆಯಲ್ಲಿದ್ದನೇನೋ," ಎಂದರು ಅಜ್ಜ. ಲೋಹದ ಪಟ್ಟಿ ತೆಗೆದು ನನ್ನ ಮುಂದೆ ಇಟ್ಟರು. ಸಂದು ಸರಿಮಾಡಿ ಎಳೆದೆ. ಮೊದಲ ಎಳೆತಕ್ಕೇ ಚಾಲೂ. ಅಜ್ಜ ಮತ್ತೆ ಫೋನ್ ಎತ್ತಿ ಕಾಯಿಲಿನವರಿಗೆ ಕ್ಷಮೆ ಕೇಳಿದರು. ನನ್ನಿಂದಾಗಿ ಆ ವಯಸ್ಸಿನವರು ಹಾಗೆ ಕ್ಷಮೆ ಕೇಳಿದ್ದು ನೋಡಿ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಶುಕ್ರವಾರವಿಡೀ ಅವರು ಕೆಲಸದ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಶನಿವಾರ ಟೀಚರಮ್ಮ ಬಂದರು. ಅಜ್ಜ ಮೋವರನ್ನು ಓಣಿಗೆ ತಳ್ಳಿ, ಸರಿಯಾಗಿದೆ, ತೆಗೆದುಕೊಂಡು ಹೋಗಿ ಎಂದರು. ಟೀಚರಮ್ಮ ಹೋಗಲಿಲ್ಲ.

"ಎರಡು ಸಲ ಇದೇ ಮಾತು ಕೇಳಿದ್ದೇನೆ. ಇಪ್ಪತ್ತು ನಿಮಿಷಕ್ಕೆ ನಿಲ್ಲುವ ಯಂತ್ರ ಇದು. ಅರ್ಧ ಗಂಟೆ ಓಡಿಸಿ ತೋರಿಸಿ," ಎಂದು ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡರು.

ಹೀಗೆ ನಾವು ಮೂವರು, ಒಂದು ಎಳೆ ಹುಲ್ಲೂ ಇಲ್ಲದ ಕಾಂಕ್ರೀಟ್ ಓಣಿಯಲ್ಲಿ, ಹುಲ್ಲು ಕತ್ತರಿಸುವ ಯಂತ್ರವನ್ನು ಓಡಿಸಿ ಅದರ ಸುತ್ತ ನಿಂತೆವು. ಐದನೆಯ ನಿಮಿಷಕ್ಕೆ ಸೀರೆ ಅಂಗಡಿಯಾಕೆ ಕೂಗುತ್ತ ಹೊರಗೆ ಬಂದಳು. ಟೀಚರಮ್ಮ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದ್ದೇ ತಡ, ಆಕೆ ಬಾಯಿ ಮುಚ್ಚಿ ನಮ್ಮ ಪಕ್ಕದಲ್ಲೇ ನಿಂತಳು. ಹತ್ತನೆಯ ನಿಮಿಷಕ್ಕೆ ಸಮೋಸಾ ಹಿಡಿದಿದ್ದ ಇಬ್ಬರು ದಾರಿಹೋಕರು ಸೇರಿಕೊಂಡರು. ಏನು ನಡೆಯುತ್ತಿದೆ ಎಂದು ಅವರು ಕೇಳಲಿಲ್ಲ, ಎಲ್ಲರೂ ನೋಡುತ್ತಿದ್ದಾರೆಂದು ತಾವೂ ನೋಡಿದರು. ಹದಿನೆಂಟನೆಯ ನಿಮಿಷಕ್ಕೆ ಎಂಜಿನ್ ಒಂದು ಸಲ ತಡವರಿಸಿತು. ನಾನು ಹಗ್ಗದತ್ತ ಕೈ ಚಾಚಿದೆ. ಇಲ್ಲ, ಅದು ಹಾಗೇ ಸುಧಾರಿಸಿಕೊಂಡಿತು. ಇಪ್ಪತ್ತು ದಾಟಿತು. ಇಪ್ಪತ್ತೈದು ದಾಟಿತು. ಅಷ್ಟೂ ಹೊತ್ತು ನಾನು ಹನುಮಪ್ಪನಿಗೆ ಹರಕೆ ಹೊರುತ್ತಿದ್ದೆ. ಗಣಪತಿಯನ್ನು ಕೇಳಲು ಮುಖವಿರಲಿಲ್ಲ.

ಮೂವತ್ತಕ್ಕೆ ಸರಿಯಾಗಿ ಟೀಚರಮ್ಮ ಯಂತ್ರ ಆರಿಸಿದರು. ಮತ್ತೆ ನಾವೇ ಎಳೆಯಬೇಕೇನೋ ಎಂದು ನಾನು ಮುಂದೆ ಬಂದರೆ, ಕೈ ಅಡ್ಡ ಹಿಡಿದು ತಾವೇ ಎಳೆದರು. ಕಾದ ಎಂಜಿನ್ ಒಂದೇ ಎಳೆತಕ್ಕೆ ಚಾಲೂ ಆಯಿತು. ಅದನ್ನೂ ಆರಿಸಿ, ಗಡಿಯಾರ ಕಟ್ಟಿಕೊಂಡು, ಸಮೋಸಾದವರು ಹೋಗುವವರೆಗೆ ಕಾದು, ಅಜ್ಜನ ಕಡೆ ತಿರುಗಿದರು.

"ಏನಾಗಿತ್ತು?"

ಅಜ್ಜ ನನ್ನತ್ತ ಕೈ ತೋರಿಸಿದರು. "ನನ್ನನ್ನು ಕೇಳಬೇಡಿ. ನನಗೆ ಗೊತ್ತಾಗಿರಲಿಲ್ಲ. ಕಂಡುಹಿಡಿದದ್ದು ಇವರು."

ಕಾಯಿಲ್ ಬಿಸಿಯಾದಾಗ ಒಳಗಿನ ತಂತಿ ಬಿಟ್ಟುಕೊಳ್ಳುವುದನ್ನು ನಾನು ಹರಕು ಮುರುಕು ಇಂಗ್ಲಿಷಿನಲ್ಲಿ ವಿವರಿಸಿದೆ. ಟೀಚರಮ್ಮ ಪಾಠ ಒಪ್ಪಿಸಿಕೊಳ್ಳುವವರ ಹಾಗೆ ಕೊನೆಯವರೆಗೆ ಕೇಳಿ, ಸರಿ ಎಂದರು. ಆಮೇಲೆ ಅಜ್ಜನಿಗೆ, "ವಸಂತದಲ್ಲಿ ಸರ್ವಿಸಿಗೆ ತರುತ್ತೇನೆ. ಆಗಲೂ ಇವರು ಇರುತ್ತಾರಲ್ಲವೇ?" ಎಂದು ಕೇಳಿದರು.

ನಾನು ಬಗ್ಗಿ ಮೋವರಿನ ಹಿಡಿ ಒರೆಸತೊಡಗಿದೆ.

"ನಾನು ಇರುತ್ತೇನೋ ಇಲ್ಲವೋ ಗೊತ್ತಿಲ್ಲ," ಎಂದರು ಅಜ್ಜ. "ಇವರಂತೂ ಇರುತ್ತಾರೆ. ತಪ್ಪು ಮಾಡಿದರೆ ತಾವೇ ಹೇಳುವ ಮೆಕ್ಯಾನಿಕ್ ನನಗೆ ಈವರೆಗೆ ಸಿಕ್ಕಿರಲಿಲ್ಲ."

ಮೆಕ್ಯಾನಿಕ್. ಆ ಒಂದು ಶಬ್ದ ನನ್ನ ಬಗ್ಗೆ ಯಾರ ಬಾಯಿಂದಲೂ ಅಲ್ಲಿಯವರೆಗೆ ಬಂದಿರಲಿಲ್ಲ. ನಾನು ಮುಖ ತಿರುಗಿಸಿಕೊಂಡು ಜೋರಾಗಿ ಅತ್ತುಬಿಟ್ಟೆ. ಇಬ್ಬರೂ ಗಾಬರಿಯಾಗಿ ಏನಾಯಿತು ಎಂದು ಕೇಳಿದರು. ಕಣ್ಣಿಗೆ ಹೊಗೆ ಹೋಯಿತು ಎಂದೆ. ಎಂಜಿನ್ ಆರಿಸಿ ಆಗಲೇ ಹತ್ತು ನಿಮಿಷವಾಗಿತ್ತು.